ನನ್ನ ಸಿಟ್ಟಿನ ಮೇಲೆ ನಡೆದ ಮನೆ

ಹಲ್ಲುಜ್ಜುವುದಕ್ಕೂ ಮೊದಲು ಬೈಯಲು ನಿಲ್ಲಬೇಕಾದ ಹೆಂಗಸಿನ ಬಾಳು ಎಂಥದ್ದೆಂದು ಯಾರೂ ನನ್ನನ್ನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಕಳೆದ ದೀಪಾವಳಿಯವರೆಗೂ ನನ್ನ ದಿನ ಶುರುವಾಗುತ್ತಿದ್ದದ್ದು ಹಿತ್ತಿಲಿನ ನೀರಿನ ಮೋಟಾರಿನ ಮುಂದೆ. ಅದು ತಗ್ಗಿನಲ್ಲಿ ಕೂತಿದೆ, ಬಗ್ಗಿಯೇ ಬೈಯಬೇಕು. ನನ್ನ ಸೊಂಟ ಹಿಡಿದದ್ದೇ ಅದರಿಂದ. ಆಮೇಲೆ ಬಚ್ಚಲಿನ ಗೀಸರು, ಅಡುಗೆಮನೆಯ ಮಿಕ್ಸರು, ಬಟ್ಟೆ ಒಗೆಯುವ ಮಷಿನ್ನು, ಮಗನ ಸ್ಕೂಟರು, ಮೊಮ್ಮಗಳ ಮೊಬೈಲು. ಎಲ್ಲವನ್ನೂ ಬೈದು ಹೊರಡಿಸಿ ಬಂದು ಕೂತರೆ ಕೈಗೆ ಸಿಗುತ್ತಿದ್ದದ್ದು ಆರಿದ ಚಹಾ. ಅದರಲ್ಲಿ ಸಕ್ಕರೆಯೂ ಇರುತ್ತಿರಲಿಲ್ಲ.

ನಮ್ಮ ಊರಿನ ಯಂತ್ರಗಳ ರೀತಿಯೇ ಹಾಗೆ. ಗುಂಡಿ ಒತ್ತುವುದು, ಪ್ಲಗ್ಗು ಚುಚ್ಚುವುದು ಎಲ್ಲ ಊರುಗಳಂತೆ ನಮ್ಮಲ್ಲೂ ಇದೆ, ಅದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಮೊಮ್ಮಕ್ಕಳ ಮುಖ ಕಂಡವರೊಬ್ಬರು ಎದುರು ನಿಂತು ಬೈಯುವ ತನಕ ಯಾವುದೂ ಕದಲುವುದಿಲ್ಲ. ಬರೀ ಬಾಯಿಯ ಬೈಗುಳವೂ ಆಗುವುದಿಲ್ಲ, ಹೊಟ್ಟೆಯೊಳಗೆ ಸಿಟ್ಟಿರಬೇಕು. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಮಳೆ ಯಾಕೆ ಮೇಲಿನಿಂದ ಬೀಳುತ್ತದೆ ಎಂದು ನಾನು ನಿಮ್ಮನ್ನು ಕೇಳಿದ್ದೇನೆಯೇ?

ಹಿಂದಿನ ಕಾಲದಲ್ಲಿ ಇಷ್ಟು ಕಷ್ಟವಿರಲಿಲ್ಲ. ಊರಿಗೆಲ್ಲ ಒಂದು ಹಿಟ್ಟಿನ ಗಿರಣಿ, ಎರಡು ಬಸ್ಸು. ನನ್ನ ಅತ್ತೆ ಗಿರಣಿಯ ಮುಂದೆ ನಿಂತು, “ಏಳ ಮೂಳಾ, ನಿಮ್ಮಪ್ಪ ಗಣಿಯಾಗ ದುಡದು ಸತ್ತ, ನೀ ನೋಡಿದ್ರ ಬಿಸಲ ಕಾಯಿಸಿಕೊಂತ ಬಿದ್ದೀ,” ಎಂದು ಒಂದು ಸಲ ಅಂದರೆ ಸಾಕು, ಸಂಜೆಯವರೆಗೂ ಗಿರಣಿ ನಿಲ್ಲುತ್ತಿರಲಿಲ್ಲ. ಈಗಿನವಕ್ಕೆ ಒಂದೊಂದಕ್ಕೆ ಒಂದೊಂದು ಚಾಳಿ. ಬಟ್ಟೆಯ ಮಷಿನ್ನಿಗೆ ಮಾತು ಸ್ವಲ್ಪ ಹೆಚ್ಚಾದರೆ ಮುನಿಸಿಕೊಂಡು ನೆಲದ ತುಂಬ ನೀರು ಚೆಲ್ಲುತ್ತದೆ. ಮೊಬೈಲಿಗೆ ಬೈಗುಳ ನಾಟುವುದೇ ಇಲ್ಲ, ಅದಕ್ಕೆ ಕೇಳಿಸುವಂತೆ ನೆರೆಮನೆಯ ಮೊಬೈಲನ್ನು ಹೊಗಳಬೇಕು. ವರ್ಷಕ್ಕೊಂದು ಹೊಸದು ತರುತ್ತಾರೆ. ಅದರ ಸ್ವಭಾವ ತಿಳಿದು ನಾನು ಬೈಗುಳ ಹೊಂದಿಸಿಕೊಳ್ಳುವುದರೊಳಗೆ ಅದು ಹಳೆಯದಾಯಿತು ಎಂದು ಎಸೆಯುತ್ತಾರೆ. ತಂತ್ರಜ್ಞಾನ ಮುಂದುವರಿದಿದೆ ಎಂದು ಮಗ ಪೇಪರು ಓದಿ ಹೇಳುತ್ತಾನೆ. ಮುಂದುವರಿದದ್ದು ನನ್ನ ಗಂಟಲಿನ ಮೇಲೆ ಕಾಲಿಟ್ಟುಕೊಂಡು ಅನ್ನುವುದು ಪೇಪರಿನಲ್ಲಿ ಬಂದಿಲ್ಲ.

ಹೊರಗಿನಿಂದ ಬಂದ ನೆಂಟರು ನಮ್ಮೂರನ್ನು ನೋಡಿ ಬಾಯಿ ಬಿಡುತ್ತಾರೆ. “ಹಿರಿಯರಿಗೆ ಎಷ್ಟು ಮರ್ಯಾದಿ ರೀ ನಿಮ್ಮೂರಾಗ!” ಅನ್ನುತ್ತಾರೆ. ಇದ್ದದ್ದು ನಿಜ. ಯಾರೋ ಪುಣ್ಯಾತ್ಮರು ಊರ ಹೊರಗೆ ವೃದ್ಧಾಶ್ರಮ ಕಟ್ಟಿಸಿದರು, ಅದರಲ್ಲಿ ಒಬ್ಬರೂ ಸೇರಲಿಲ್ಲ, ಈಗ ಅಲ್ಲಿ ಮೇವು ಒಟ್ಟಿದ್ದಾರೆ. ಮುದುಕರಿಲ್ಲದ ಮನೆಯವರು ಇದ್ದವರ ಮನೆಗೆ ಬಂದು ಹೆಪ್ಪಿಗೆ ಮಜ್ಜಿಗೆ ಕೇಳುವಂತೆ, “ಅಜ್ಜಿನ್ನ ಒಂಚೂರು ಕಳಸ್ರಿ,” ಎಂದು ಕೇಳುತ್ತಾರೆ. ಸಂಬಂಧ ನೋಡಲು ಬಂದವರು ಹುಡುಗಿಯ ಬಣ್ಣ ಕೇಳುವುದಿಲ್ಲ, ಅವಳ ಅಜ್ಜಿಯ ಸಿಟ್ಟು ಹೇಗಿದೆ ಎಂದು ಕೇಳುತ್ತಾರೆ. ತವರಿನಲ್ಲಿ ಸಿಟ್ಟಿದ್ದರೆ ಮಗಳಿಗೂ ಮುಂದೆ ಬಂದೀತು ಎಂಬ ಆಸೆ. ನನ್ನ ಮೊಮ್ಮಗಳು ರೋಹಿಣಿಯನ್ನು ನೋಡಲು ಬಂದವರು ಅವಳು ಹೊರಗೆ ಬರುವ ಮೊದಲೇ ನನ್ನಿಂದ ಒಂದು ಫ್ಯಾನು ಬೈಯಿಸಿದರು. ಫ್ಯಾನು ತಿರುಗಿತು, ಸಂಬಂಧ ಕುದುರಿತು. ಮರ್ಯಾದೆಯೇನೋ ಸರಿ, ಆದರೆ ಅದು ನನ್ನ ಸಿಟ್ಟಿಗೆ ಸಲ್ಲುತ್ತಿತ್ತೇ ಹೊರತು ನನಗಲ್ಲ.

ಮನೆಯಲ್ಲಿ ನಾವು ಐದು ಜನ. ನಾನು ದುಂಡವ್ವ. ನನ್ನ ಮಗ ಚನವೀರಪ್ಪ ಸಹಕಾರಿ ಸಂಘದಲ್ಲಿದ್ದು ನಿವೃತ್ತನಾದವನು. ಸೊಸೆ ಸರೋಜಿನಿ. ಮೊಮ್ಮಗಳು ರೋಹಿಣಿ, ಇಲ್ಲಿನ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳ ಗಂಡನದು ಊರೂರು ತಿರುಗುವ ರೈಲಿನ ಕೆಲಸ, ಅದಕ್ಕೆ ಅವಳು ನಮ್ಮಲ್ಲೇ ಇದ್ದಾಳೆ. ಮತ್ತೆ ಅವಳ ಮಗಳು ಚಂಪಿ, ಆಗಷ್ಟೇ ನಡೆಯಲು ಕಲಿತವಳು. ಚಂಪಿ ಹುಟ್ಟಿದಾಗ ಚನವೀರಪ್ಪನೂ ಸರೋಜಿನಿಯೂ ಮೊಮ್ಮಗುವಿನ ಮುಖ ಕಂಡವರಾದರು, ಇನ್ನು ನನಗೆ ಬಿಡುಗಡೆ ಎಂದುಕೊಂಡೆ. ಎಲ್ಲಿಯ ಬಿಡುಗಡೆ! ಮಗ ಬೈದರೆ ಸಾಲಕ್ಕೆ ಅರ್ಜಿ ಕೊಟ್ಟ ಹಾಗಿರುತ್ತದೆ. “ದಯಮಾಡಿ ಶುರು ಆಗಬೇಕು,” ಅನ್ನುತ್ತಾನೆ ಸ್ಕೂಟರಿಗೆ. ಸೊಸೆಗೆ ಸಿಟ್ಟು ಬಂದರೆ ಮಾತೇ ನಿಂತುಹೋಗುತ್ತದೆ, ಪಾತ್ರೆ ಕುಕ್ಕುತ್ತಾಳೆ. ಮೌನಕ್ಕೆ ಮಿಕ್ಸರು ಹೆದರುತ್ತದೆಯೇ?

ಹೀಗಾಗಿ ಎಲ್ಲ ನನ್ನ ಮೇಲೆಯೇ ಇತ್ತು. ಆ ಮನೆಯಲ್ಲಿ ನನಗೆ ಸಿಟ್ಟು ಬರುವುದಕ್ಕೆ ಕೊರತೆಯೂ ಇರಲಿಲ್ಲ. ಚಹಾದ ಮಾತು ಹೇಳಿದೆ. ನನ್ನ ಚಷ್ಮಾ ದಿನ ಬಿಟ್ಟು ದಿನ ಅಟ್ಟದ ಮೇಲೆ ಸಿಗುತ್ತಿತ್ತು, ಅದಕ್ಕೇನು ರೆಕ್ಕೆ ಇತ್ತೋ. ರೇಡಿಯೋದಲ್ಲಿ ಒಂದು ಒಳ್ಳೆಯ ವಚನ ಬಂದು ಕೊನೆಯ ಸಾಲಿಗೆ ಬರುವಾಗ ಯಾರಾದರೊಬ್ಬರು ಬಂದು ಅದನ್ನು ಆರಿಸುತ್ತಿದ್ದರು. ಮಂಡಿಗೆ ಹಚ್ಚುವ ಎಣ್ಣೆಯ ಸೀಸೆಯಲ್ಲಿ ಒಂದೇ ಹನಿ ಉಳಿಸಿ ಮುಚ್ಚಿಟ್ಟಿರುತ್ತಿದ್ದರು. ಒಂದೇ ಪ್ರಶ್ನೆಯನ್ನು ಮಗ ಮೂರು ಸಲ ಕೇಳುತ್ತಿದ್ದ, ಸೊಸೆ ನಾಲ್ಕನೆಯ ಸಲ. ಇಂಥ ಮಂಕುಗಳನ್ನು ನನ್ನ ಕೊರಳಿಗೆ ಕಟ್ಟಿದ ದೇವರಿಗೆ ನಾನು ದಿನಕ್ಕೆ ಹತ್ತು ಬಾರಿ ಶಾಪ ಹಾಕುತ್ತಿದ್ದೆ. ರೋಹಿಣಿ ಒಬ್ಬಳು ಮಾತ್ರ ಅಟ್ಟ ಹತ್ತಿ ಚಷ್ಮಾ ಇಳಿಸಿಕೊಡುತ್ತಿದ್ದಳು, “ನೀ ಹೇಳೂದ ಖರೆ ಬಿಡು ಆಯಿ, ಇವರು ಯಾರೂ ನೆಟ್ಟಗಿಲ್ಲ,” ಅನ್ನುತ್ತಿದ್ದಳು. ಮನೆಯಲ್ಲಿ ನನ್ನ ಕಡೆಯವಳು ಅಂದರೆ ಅವಳೊಬ್ಬಳೇ ಎಂದು ನಾನು ನಂಬಿದ್ದೆ.

ರೋಹಿಣಿಗೆ ಈ ಬೈಗುಳದ ವಿದ್ಯೆಯಲ್ಲಿ ಏನೋ ಆಸಕ್ತಿ. ಒಮ್ಮೆ ರಾಜಧಾನಿಯಿಂದ ವಿಜ್ಞಾನಿಗಳನ್ನೇ ಕರೆಸಿದಳು. ಅವರು ಪೆಟ್ಟಿಗೆ ತುಂಬ ಉಪಕರಣ ತಂದು ನಮ್ಮ ಪಡಸಾಲೆಯಲ್ಲಿ ಜೋಡಿಸಿದರು. ಒಂದೂ ಶುರುವಾಗಲಿಲ್ಲ. ಕೊನೆಗೆ ನಾನೇ ಹೋಗಿ ಬೈದೆ. ಆಮೇಲೆ ನನ್ನ ಬೈಗುಳವನ್ನು ರೆಕಾರ್ಡು ಮಾಡಿಕೊಂಡು ಮಿಕ್ಸರಿನ ಮುಂದೆ ಹಾಕಿ ಕೇಳಿಸಿದರು. ಮಿಕ್ಸರು ಸುಮ್ಮನೆ ಕೂತಿತು. ಸಿಟ್ಟಿನಲ್ಲಿ ಏನಿದೆ, ಧ್ವನಿಯಲ್ಲಿದೆಯೋ ರಕ್ತದಲ್ಲಿದೆಯೋ ಎಂದು ವಾರವೆಲ್ಲ ಚರ್ಚೆ ಮಾಡಿ, ನಮ್ಮ ಮನೆಯ ಉಪ್ಪಿಟ್ಟು ತಿಂದು, ಇನ್ನೂ ಹೆಚ್ಚಿನ ಅಧ್ಯಯನ ಆಗಬೇಕು ಎಂದು ಹೇಳಿ ಹೋದರು. ಉಪ್ಪಿಟ್ಟು ಚೆನ್ನಾಗಿತ್ತು ಎಂದು ಒಬ್ಬನಾದರೂ ಅನ್ನಲಿಲ್ಲ.

ಇದೆಲ್ಲ ಇರಲಿ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ ಹಾಗೆ ಬದುಕಿದವಳು ನಾನು, ಅದಕ್ಕೆಲ್ಲ ಒಗ್ಗಿಹೋಗಿದ್ದೆ. ನನ್ನಿಂದ ತಡೆಯಲಾಗದೆ ಇದ್ದದ್ದು ಒಂದೇ. ಚಂಪಿ ನನ್ನ ಬಳಿ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಕೂಸು ಕೇಳಿದ್ದು ನನ್ನ ಬೈಗುಳವನ್ನೇ. ನನ್ನ ಧ್ವನಿ ಕೇಳಿದರೆ ಸಾಕು, ತುಟಿ ಓರೆ ಮಾಡಿ ಅಳಲು ಶುರು ಮಾಡುತ್ತಿತ್ತು. “ಬಾರ ನನ್ನ ಬಂಗಾರಾ,” ಎಂದು ಕೈ ಚಾಚಿದರೂ ಅಷ್ಟೇ. ನನ್ನ ಬಾಯಲ್ಲಿ ಬಂಗಾರವೂ ಬೈಗುಳದ ಹಾಗೆ ಕೇಳುತ್ತಿತ್ತೋ ಏನೋ. ನಾಲ್ಕು ತಲೆಮಾರು ಕಂಡು ಏನು ಬಂತು? ಮರಿಮಗಳನ್ನು ಒಮ್ಮೆ ತೊಡೆಯ ಮೇಲೆ ಕೂಡಿಸಿಕೊಳ್ಳದೆ ಸತ್ತುಹೋಗುತ್ತೇನೆ ಅನ್ನಿಸಿ ನನಗೆ ಎಷ್ಟೋ ಸಲ ಗಂಟಲು ಕಟ್ಟಿ ಬಂದಿದೆ. ಗಂಟಲು ಕಟ್ಟಿದರೆ ಬೈಯುವುದು ಹೇಗೆ ಎಂದು ಮಗ ಓಡಿಬಂದು ಬಿಸಿನೀರು ಕೊಡುತ್ತಿದ್ದ.

ಪಕ್ಕದ ಮನೆಯ ಶಾಂತಯ್ಯನವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಅವರು ಡ್ರಾಯಿಂಗ್ ಮಾಸ್ತರರಾಗಿದ್ದವರು. ಜನ್ಮದಲ್ಲಿ ಯಾರನ್ನೂ ಬೈದವರಲ್ಲ. ಅವರ ಮಾತಿಗೆ ಮನೆಯ ಒಂದು ಯಂತ್ರವೂ ನಡೆಯುವುದಿಲ್ಲ. ಸೊಸೆ ಒರಳಿನಲ್ಲಿ ರುಬ್ಬುತ್ತಾ, “ಎಲ್ಲಾರ ಮನ್ಯಾಗೂ ಮುದುಕರು ಉಪಯೋಗಕ್ಕ ಬರತಾರ,” ಎಂದು ಗೋಡೆ ಕೇಳುವಂತೆ ಅನ್ನುತ್ತಾಳೆ. ಅವರ ಮೋಟಾರನ್ನೂ ನಾನೇ ಬೈದು ಕೊಡುತ್ತಿದ್ದೆ. ಆದರೆ ಓಣಿಯ ಮಕ್ಕಳೆಲ್ಲ ಅವರ ಹೆಗಲ ಮೇಲೆ. ನಮ್ಮ ಚಂಪಿಯೂ ಗೋಡೆಯಾಚೆಯಿಂದ ಅವರ ಕೆಮ್ಮು ಕೇಳಿದರೂ ನಗುತ್ತಿದ್ದಳು.

ಒಂದು ದಿನ ನಾನೇ ನಾಚಿಕೆ ಬಿಟ್ಟು ಕೇಳಿದೆ. “ಅಯ್ಯಾರ, ಕೂಸು ನನ್ನ ಕಡೆ ಬರಬೇಕಂದ್ರ ಏನ ಮಾಡಬೇಕ್ರಿ?”

“ಏನೂ ಮಾಡಬ್ಯಾಡ್ರಿ ದುಂಡವ್ವ,” ಅಂದರು ಅವರು. “ಮಾತಾಡಬ್ಯಾಡ್ರಿ, ಕರೀಬ್ಯಾಡ್ರಿ. ಹುಡುಗರು ಬೆಕ್ಕಿನಂಗ, ಕರದ್ರ ಬರಂಗಿಲ್ಲ. ನೀವು ಸುಮ್ಮನ ಕುಂತಬಿಡ್ರಿ.”

ಸುಮ್ಮನೆ ಕೂತರೆ ಸ್ಕೂಟರು ಯಾರು ಹೊರಡಿಸಬೇಕು? ಆದರೂ ಕಾಲ ಕೂಡಿಬಂತು. ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಸಲು ತೆಗೆದರು. ಗೋಡೆಯೆಲ್ಲ ಒದ್ದೆ, ಕರೆಂಟು ಹೊಡೆದೀತು ಎಂದು ಮೇನ್ ಸ್ವಿಚ್ ಇಳಿಸಿದರು. ಸ್ಕೂಟರನ್ನು ಸಾಮಾನುಗಳ ಹಿಂದೆ ತಳ್ಳಿದರು. ಎಷ್ಟೋ ವರ್ಷಗಳ ಮೇಲೆ ನನಗೆ ಬೈಯುವುದಕ್ಕೆ ಏನೂ ಇರಲಿಲ್ಲ. ನಾನು ಹಿತ್ತಿಲಿನ ಪೇರಲ ಗಿಡದ ಕೆಳಗೆ ಕಂಬಳಿ ಹಾಸಿಕೊಂಡು ಬಾಯಿ ಮುಚ್ಚಿ ಕೂತೆ. ಚಹಾ ಆರಿದ್ದು ಬಂದರೂ ಕುಡಿದೆ. ಮಗ ಬಂದು, “ಅವ್ವಾ, ನಿನ್ನ ಚಷ್ಮಾ ಎಲ್ಲಿ ಐತಿ?” ಎಂದು ಮೂರು ಸಲ ಕೇಳಿದರೂ ಉತ್ತರ ಕೊಡಲಿಲ್ಲ. ಅವನು ಸಪ್ಪೆ ಮುಖ ಮಾಡಿಕೊಂಡು ಹೋದ.

ಮೊದಲ ದಿನ ಚಂಪಿ ದೂರದಿಂದ ನೋಡಿದಳು. ಎರಡನೆಯ ದಿನ ಮಧ್ಯಾಹ್ನ ಒಂದು ಪೇರಲ ಎಲೆ ಹಿಡಿದುಕೊಂಡು ಕಂಬಳಿಯ ಅಂಚಿಗೆ ಬಂದು ನಿಂತಳು. ನಾನು ಉಸಿರೂ ಬಿಗಿಹಿಡಿದು ಕೂತೆ. ಅವಳು ಎಲೆಯನ್ನು ನನ್ನ ಮಂಡಿಯ ಮೇಲಿಟ್ಟಳು. ಮತ್ತೆ ತೆಗೆದಳು, ಮತ್ತೆ ಇಟ್ಟಳು. ಆಮೇಲೆ ಬೆನ್ನು ತಿರುಗಿಸಿ, ತನ್ನ ಸ್ವಂತ ಕುರ್ಚಿ ಎಂಬಂತೆ, ನನ್ನ ತೊಡೆಯ ಮೇಲೆ ಧಪ್ಪನೆ ಕೂತುಬಿಟ್ಟಳು. ಅವಳ ತಲೆಗೆ ಹರಳೆಣ್ಣೆಯ ವಾಸನೆ ಇತ್ತು. ನನ್ನ ಕಣ್ಣಿನಿಂದ ನೀರು ಇಳಿದು ಅವಳ ನೆತ್ತಿಯ ಮೇಲೆ ಬಿತ್ತು. ಅವಳು ಮೇಲೆ ನೋಡಿ ನನ್ನ ಮೂಗುತಿಯನ್ನು ಹಿಡಿದು ಎಳೆದಳು. ನೋವಾಯಿತು, ಆದರೆ ಆ ಹೊತ್ತಿಗೆ ಮೂಗೇ ಕಿತ್ತುಬಂದಿದ್ದರೂ ನಾನು ಅವಳಿಗೇ ಕೊಡುತ್ತಿದ್ದೆ.

ಆ ಸುಖ ಎಷ್ಟು ಹೊತ್ತು? ಒಳಗೆ ಪಡಸಾಲೆಯ ಹಳೆಯ ಸುಣ್ಣ ಕೆರೆಯುತ್ತಿದ್ದವರು ಬಾಗಿಲು ತೆಗೆದರು, ಬೆಳ್ಳಗಿನ ಧೂಳು ಮೋಡದ ಹಾಗೆ ಹಿತ್ತಿಲಿಗೆ ಬಂತು. ಚಂಪಿ ಸೀನಿದಳು, ಕೆಮ್ಮಿದಳು. ಅವಳಿಗೆ ಧೂಳು ಆಗುವುದಿಲ್ಲ, ಹುಟ್ಟಿನಿಂದಲೂ ಉಬ್ಬಸ. ಸ್ವಲ್ಪ ಹೊತ್ತಿನಲ್ಲೇ ಅವಳ ಉಸಿರು ಸುಂಯ್‌ಗುಡತೊಡಗಿತು, ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಗೆ ಎಳೆದುಕೊಳ್ಳತೊಡಗಿತು. ರೋಹಿಣಿ ಓಡಿಬಂದಳು. ಡಾಕ್ಟರು ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಕೊಟ್ಟಿದ್ದ ಔಷಧಿಯ ಹೊಗೆ ಬಿಡುವ ಡಬ್ಬಿಯನ್ನು ತಂದಳು, ಮೇನ್ ಸ್ವಿಚ್ ಏರಿಸಿದಳು, ಔಷಧಿ ಸುರಿದು ಮಗುವಿನ ಮೂಗಿಗೆ ಮುಚ್ಚಳ ಹಿಡಿದಳು. ನಾನು ಮಗುವನ್ನು ಎದೆಗೆ ಆನಿಸಿಕೊಂಡಿದ್ದೆ. ಡಬ್ಬಿಯ ದೀಪ ಹತ್ತಿತು, ಡಬ್ಬಿ ಮಾತ್ರ ಸುಮ್ಮನೆ ಕೂತಿತ್ತು.

“ಆಯಿ, ಬೈ,” ಅಂದಳು ರೋಹಿಣಿ.

“ಏ ಡಬ್ಬೀ, ಏಳಽ,” ಅಂದೆ. ನನಗೇ ನಗು ಬರುವಂತಿತ್ತು ನನ್ನ ಧ್ವನಿ. ಮಲಗಿದವರನ್ನು ಊಟಕ್ಕೆ ಎಬ್ಬಿಸುವ ಹಾಗಿತ್ತು. ಮತ್ತೊಮ್ಮೆ ಪ್ರಯತ್ನಪಟ್ಟೆ. “ಹಲ್ಕಟ್ ಡಬ್ಬಿ, ಮೂಳ ಡಬ್ಬಿ.” ಮಾತೆಲ್ಲ ಸರಿಯಾಗಿಯೇ ಇದ್ದವು, ಒಳಗೆ ಏನೂ ಇರಲಿಲ್ಲ. ಇಷ್ಟು ವರ್ಷ ಬೇಡ ಬೇಡ ಅಂದರೂ ಉಕ್ಕುತ್ತಿದ್ದ ಸಿಟ್ಟು, ಕೂಸು ತೊಡೆಗೆ ಬಂದ ಗಳಿಗೆಯಲ್ಲೇ ಬತ್ತಿಹೋಗಿತ್ತು. ಹೆದರಿಕೆ ಬೇಕಾದಷ್ಟಿತ್ತು. ಹೆದರಿಕೆಗೆ ಯಂತ್ರ ನಡೆಯುವುದಿಲ್ಲ.

ಚನವೀರಪ್ಪ ಆಟೋ ತರಲು ಓಡಿದ. ಓಣಿಯ ಆಟೋದವನ ತಾಯಿ ಮದುವೆಗೆ ಹೋಗಿದ್ದಳು, ಆಟೋ ಕದಲುವಂತಿರಲಿಲ್ಲ. ಆಸ್ಪತ್ರೆ ಊರಿನ ಆ ತುದಿಗೆ. ಅವನು ಏದುಸಿರು ಬಿಡುತ್ತಾ ವಾಪಸ್ಸು ಬಂದು, “ಅವ್ವಾ, ಸಿಟ್ಟಿಗೇಳಽ ಯವ್ವಾ, ನಿನ್ನ ಕಾಲಿಗೆ ಬೀಳತೀನಿ,” ಎಂದು ಅಳತೊಡಗಿದ. ಕಾಲಿಗೆ ಬಿದ್ದವನ ಮೇಲೆ ಸಿಟ್ಟು ಎಲ್ಲಿಂದ ಬರಬೇಕು? ಸರೋಜಿನಿ ತಾನೇ ಡಬ್ಬಿಯನ್ನು ದುರುಗುಟ್ಟಿ ನೋಡಿದಳು. ಆಗಲಿಲ್ಲ. ನನ್ನ ಕಡೆ ತಿರುಗಿ, “ಅತ್ತೀ, ನೀವು ಮಾಡಿದ ಹೋಳಿಗಿ ಯಾವತ್ತಿದ್ರೂ ಹರೀತಾವ್ರಿ,” ಅಂದಳು. “ಹೂಂನವಾ, ಖರೆ ಐತಿ,” ಅಂದೆ. ಗದ್ದಲ ಕೇಳಿ ಶಾಂತಯ್ಯನವರು ಗೋಡೆಯ ಮೇಲಿಂದ ತಲೆ ಹಾಕಿದರು. ವಿಷಯ ತಿಳಿದು, ಅವರೂ ಕೈಲಾದ ಸಹಾಯ ಮಾಡಲು ಬಹಳ ಒದ್ದಾಡಿ, “ದುಂಡವ್ವ, ನಿಮ್ಮ... ನಿಮ್ಮ ಸೀರಿ ಚಂದ ಇಲ್ರಿ,” ಅಂದರು, ಅಂದು ತಾವೇ ಕೆನ್ನೆ ಕೆನ್ನೆ ಬಡಿದುಕೊಂಡರು. ಮಗುವಿನ ತುಟಿ ನೀಲಿಯಾಗುತ್ತಿತ್ತು.

ಆಗ ರೋಹಿಣಿ ನನ್ನ ಮುಂದೆ ಮಂಡಿಯೂರಿ ಕೂತಳು.

“ಆಯಿ, ನಿನ್ನ ಚಹಾಕ್ಕ ಸಕ್ಕರಿ ಹಾಕೂದು ಯಾರೂ ಮರೀತಿದ್ದಿಲ್ಲ,” ಅಂದಳು. “ಬೇಕಂತನ ಹಾಕತಿದ್ದಿಲ್ಲ.”

“ಅಂದ್ರ?”

“ಚಷ್ಮಾ ಅಟ್ಟದ ಮ್ಯಾಲ ಇಡಾಕಿ ನಾನ. ಇಳಿಸಿಕೊಡಾಕಿನೂ ನಾನ. ರೇಡಿಯೋ, ಎಣ್ಣಿ ಸೀಸೆ, ಅಪ್ಪ ಕೇಳಿದ್ದ ಕೇಳೂದು, ಎಲ್ಲಾ. ದಿನಾ ಒಂದ ಥರ ಕಾಡಿದ್ರ ರೂಢಿ ಆಗಿಬಿಡತೈತಿ, ಸಿಟ್ಟು ಬರಂಗಿಲ್ಲ. ಸಣ್ಣಸಣ್ಣದು ಮಾಡ್ರಿ, ಹೊತ್ತುಗೊತ್ತು ಇಲ್ಲದ ಮಾಡ್ರಿ ಅಂತ ಇವರಿಗೆಲ್ಲಾ ಹೇಳಿಕೊಟ್ಟಾಕಿ ನಾನ. ನಾ ಇನ್ನೂ ಕಾಲೇಜು ಕಲಿಯಾಕತ್ತಾಗ ಶುರು ಆಗಿದ್ದು ಇದು. ಎಲ್ಲಾರಿಗೂ ಗೊತ್ತಿತ್ತು ಆಯಿ. ನಿನಗೊಬ್ಬಾಕಿಗೆ ಗೊತ್ತಿದ್ದಿಲ್ಲ.”

ನಾನು ಮಗನ ಮುಖ ನೋಡಿದೆ. ಅವನು ನೆಲ ನೋಡಿದ. ಸೊಸೆಯ ಮುಖ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಶಾಂತಯ್ಯನವರೂ ಗೋಡೆಯ ಹಿಂದೆ ಇಳಿದುಬಿಟ್ಟರು, ಅಂದರೆ ಅವರಿಗೂ ಗೊತ್ತಿತ್ತು. ನಾನು ದಡ್ಡರೆಂದು ಬೈದುಕೊಂಡು ಬಂದವರಲ್ಲಿ ಒಬ್ಬರೂ ದಡ್ಡರಾಗಿರಲಿಲ್ಲ. ದಡ್ಡಿ ಒಬ್ಬಳೇ ಇದ್ದಳು, ಅವಳು ಹಲ್ಲುಜ್ಜುವ ಮೊದಲೇ ಎದ್ದು ಬೈಯುತ್ತಿದ್ದಳು. ಆಮೇಲೆ ಅಂಗಾಲಿನಿಂದ ಬಂತು ನೋಡಿ.

“ನಿನ್ನ ಕಾಲೇಜಿಗಿಷ್ಟು ಬೆಂಕಿ ಹಚ್ಚಲಿ!” ಅಂದೆ. “ನನ್ನ ಹೊಟ್ಟಿ ಉರಿಸಿ ಅದರ ಮ್ಯಾಲ ನಿಮ್ಮ ರೊಟ್ಟಿ ಬೇಯಿಸಿಕೊಂಡ್ರ್ಯಾ! ನಾ ಏನ ಮನಿಶ್ಯಾಳೋ ನಿಮ್ಮ ಗಿರಣಿಗೆ ಹಾಕೂ ಡೀಸಲ್ಲೋ? ನಿನ್ನ ಹೇಲು ಉಚ್ಚಿ ತೆಗದು ಬೆಳಸೀನಿ, ಅದಕ್ಕ ನೀ ಕಲತ ವಿಜ್ಞಾನ ಇದ ಏನ, ಮುದುಕೀನ ದಿನಾ ಒಂದೊಂದು ಚೂರು ಸುಟ್ಟು ನೋಡೂದು? ಏ ಚನ್ಯಾ, ನಿನಗ ಮೊಲಿ ಕುಡಿಸಿದ ತಪ್ಪಿಗೆ ಸಕ್ಕರಿ ಇಲ್ಲದ ಚಹಾ ಕುಡಿಸಿದಿ! ಸರೋಜಿನೀ, ನಿನ್ನ ಬಾಣಂತನಕ್ಕ ನಾ ಖಾರ ಕುಟ್ಟಿದ್ದು ಮರತ್ಯಾ? ನಿಮ್ಮ ಮನಿ ಮುರದು ಮೂರಾಬಟ್ಟಿ ಆಗಲಿ! ಮತ್ತ ನೀ ಏನ ನೋಡತೀ, ಬಿಕನಾಸಿ ಡಬ್ಬಿ! ಕೂಸಿನ ಎದಿ ಕುಣಿಯಾಕತ್ತೈತಿ, ನಿನಗ ಸೊಕ್ಕ ಏನ? ಅಂಗೈ ಅಷ್ಟ ಇದ್ದೀ, ನಿನಗೂ ನಾ ಬೈಬೇಕ? ನಡೀ, ಇಲ್ಲಾಂದ್ರ ತಿಪ್ಪಿಗೆ ಒಗದು ಮ್ಯಾಲ ಸಗಣಿ ಬಡೀತೀನಿ!”

ಡಬ್ಬಿ ಗುರ್ರೆಂದಿತು. ಬೆಳ್ಳನೆಯ ಹೊಗೆ ಮುಚ್ಚಳದೊಳಗೆ ಬಂತು. ಡಬ್ಬಿಯೊಂದೇ ಅಲ್ಲ, ಒಳಗೆ ಮಿಕ್ಸರು ತಿರುಗಿತು, ಫ್ಯಾನುಗಳು ಸುಣ್ಣದ ಹನಿ ಚಿಮ್ಮಿಸಿದವು, ಸಾಮಾನಿನ ಹಿಂದೆ ಬಿದ್ದಿದ್ದ ಸ್ಕೂಟರು ಕೂಗಿಕೊಂಡಿತು. ಶಾಂತಯ್ಯನವರ ಮೋಟಾರು ಹತ್ತಿತು, ಅವರ ಹಿತ್ತಿಲೆಲ್ಲ ನೀರು. ಮುಂದಿನ ಓಣಿಯ ಗಿರಣಿ ಕಾಳಿಲ್ಲದೆಯೇ ಬೀಸತೊಡಗಿತು ಎಂದು ಆಮೇಲೆ ಹೇಳಿದರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಲು ಆಗಲೂ ಇಲ್ಲ. ಅಷ್ಟು ವರ್ಷಗಳ ಆರಿದ ಚಹಾ ಎಲ್ಲವೂ ಹೊರಗೆ ಬರಬೇಕಾಗಿತ್ತು. ಔಷಧಿ ಮುಗಿದು ರೋಹಿಣಿ ಮುಚ್ಚಳ ತೆಗೆದಳು, ಆಗಲೂ ಬೈಯುತ್ತಿದ್ದೆ. ಬಿಸಿಲು ಗೋಡೆ ಹತ್ತುವವರೆಗೆ ಬೈದೆ.

“ಆಯಿ,” ಅಂದಳು ರೋಹಿಣಿ ಮೆಲ್ಲಗೆ. “ಚಂಪಿನ್ನ ನೋಡು.”

ನೋಡಿದರೆ ಕೂಸು ನನ್ನ ಎದೆಗೆ ಕಿವಿಯಿಟ್ಟು ನಿದ್ದೆ ಹೋಗಿತ್ತು. ತುಟಿ ಕೆಂಪಾಗಿತ್ತು, ಉಸಿರು ಸಲೀಸಾಗಿತ್ತು. ಇಷ್ಟು ದಿನ ಅದು ನನ್ನ ಬೈಗುಳವನ್ನು ದೂರದಿಂದ ಕೇಳಿತ್ತು. ಎದೆಗೆ ಕಿವಿ ಹಚ್ಚಿ ಕೇಳಿದ್ದು ಅದೇ ಮೊದಲು. ಒಳಗಿನಿಂದ ಕೇಳಿದರೆ ಅದು ಹೇಗಿರುತ್ತದೋ ನನಗೆ ಗೊತ್ತಿಲ್ಲ, ನನ್ನ ಎದೆಗೆ ನಾನು ಕಿವಿ ಇಡಲಾಗುವುದಿಲ್ಲವಲ್ಲ.

ಆ ಸಂಜೆ ನಾನು ಊಟ ಮಾಡಲಿಲ್ಲ. ಸರೋಜಿನಿ ತಟ್ಟೆ ಹಿಡಿದು ಬಹಳ ಹೊತ್ತು ನಿಂತಿದ್ದಳು. “ಅತ್ತೀ, ಒಂದು ಮಾತು ಹೇಳ್ಲ್ಯಾ,” ಅಂದಳು. “ಸಕ್ಕರಿ ಚಮಚೆ ಕೈಯಾಗ ಹಿಡಕೊಂಡು ಎಷ್ಟೋ ಸಲ ನಿಂತೀನ್ರಿ. ಒಂದು ದಿನಾರ ನಿಮ್ಮನ್ನ ನಗಸಬೇಕು ಅನಸತಿತ್ತು. ನಗಿಸಿದ್ರ ಅವತ್ತು ಮನಿಗೆ ನೀರು ಬರತಿದ್ದಿಲ್ಲ.” ಅವಳು ಅತ್ತಳು. ನಾನೂ ಅತ್ತೆ. ಅದರಿಂದ ಅವರು ಮಾಡಿದ್ದು ಸರಿಹೋಯಿತು ಎಂದು ಯಾರೂ ತಿಳಿಯಬೇಡಿ. ನನ್ನ ಪ್ರೀತಿಯ ಮುಖವನ್ನೇ ಯಾರಿಗೂ ಕಾಣದ ಹಾಗೆ ಇಟ್ಟುಬಿಟ್ಟರಲ್ಲ ಎಂಬ ನೋವು ಇವತ್ತಿಗೂ ಇದೆ. ರೋಹಿಣಿಯ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ಆಮೇಲೆ ಮಾತಾಡಿದೆ. ಮನೆಯೊಳಗೆ ಇದ್ದುಕೊಂಡು ಎಷ್ಟು ದಿನ ಮುಖ ತಿರುಗಿಸುವುದು, ಕುತ್ತಿಗೆ ನೋಯುತ್ತದೆ.

ಆದರೆ ಆ ದಿನದಿಂದ ನನ್ನ ಬೈಗುಳಕ್ಕೆ ಒಂದು ಯಂತ್ರವೂ ನಡೆಯುತ್ತಿಲ್ಲ. ಚಹಾ ಆರಿ ಬಂದರೆ, ಓಹೋ, ಬೇಕೆಂದೇ ಮಾಡಿದ್ದಾರೆ ಪಾಪ ಅನ್ನಿಸುತ್ತದೆ; ಬಿಸಿಯಾಗಿ ಬಂದರೆ ಸಂತೋಷವಾಗುತ್ತದೆ. ಎರಡರಲ್ಲೂ ಸಿಟ್ಟಿಲ್ಲ. ಸೊಸೆ ಒರಳು ತೊಳೆದು ರುಬ್ಬಲು ಕೂತಿದ್ದಾಳೆ, ರೋಹಿಣಿ ಕಾಲೇಜಿಗೆ ನಡೆದು ಹೋಗುತ್ತಾಳೆ, ಬಾವಿಗೆ ಹೊಸ ಹಗ್ಗ ತಂದಿದ್ದಾರೆ. ಸಂಬಂಧಿಕರು ಬಂದು, “ಇಷ್ಟು ಗಟ್ಟಿಮುಟ್ಟಾಗಿ ಇದ್ದೂ ಮುದುಕಿ ಸುಮ್ಮನ ಕುಂತಾಳಲ್ರಿ,” ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈಗ ಮನೆಯವರ ಕಣ್ಣೆಲ್ಲ ಚನವೀರಪ್ಪನ ಮೇಲೆ. ಅವನಿಗೆ ಬರುವ ಪೇಪರಿನಲ್ಲಿ ನಡುವಿನ ಹಾಳೆ ಇರುವುದಿಲ್ಲ. ಅವನ ಚಪ್ಪಲಿ ಒಂದು ಇಲ್ಲಿದ್ದರೆ ಇನ್ನೊಂದು ಹಿತ್ತಿಲಲ್ಲಿ. ನಾನು ಹೇಳಿಬಿಡೋಣ ಎಂದು ಬಾಯಿ ತೆಗೆಯುತ್ತೇನೆ, ಆಮೇಲೆ ಮುಚ್ಚುತ್ತೇನೆ. ಅವನ ಸಿಟ್ಟಿಗೆ ಆ ಹೊಗೆಯ ಡಬ್ಬಿ ಒಂದು ನಡೆಯತೊಡಗಿದೆ. ನನ್ನನ್ನು ಕಾಡುವಾಗ ಅವನೂ ಇದ್ದವನೇ, ಹಾಗಾದರೂ ಅವನಿಗೆ ಇನ್ನೂ ಹೊಳೆದಿಲ್ಲ. ಅಂಥ ಮಂಕು.

ನನ್ನದೇ ಬೇರೆ ಫಜೀತಿ. ಚಂಪಿ ಈಗ ನಾನು ಬೈಯದೆ ಮಲಗುವುದಿಲ್ಲ. ಜೋಗುಳ ಹಾಡಿದರೆ ಕಣ್ಣು ಪಿಳಿಪಿಳಿ ಬಿಡುತ್ತಾಳೆ. ಶಾಂತಯ್ಯನವರು ಬಂದು ಕಥೆ ಹೇಳಿದರೂ ಆಗುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನ್ನ ಸೆರಗು ಹಿಡಿದು ಎಳೆದುಕೊಂಡು ಹೋಗಿ, ತೊಡೆ ಹತ್ತಿ, ಎದೆಗೆ ಕಿವಿ ಒತ್ತಿ ಕಾಯುತ್ತಾಳೆ. ಇಲ್ಲದ ಸಿಟ್ಟನ್ನು ನಾನು ಎಲ್ಲಿಂದ ತರಲಿ? ಆದರೂ ಬೈಯುತ್ತೇನೆ. ಮಿಕ್ಸರಿನ ಏಳು ತಲೆಮಾರನ್ನು ಬೈಯುತ್ತೇನೆ, ಮೋಟಾರಿನ ಹೆಣ ಎತ್ತುತ್ತೇನೆ, ಸ್ಕೂಟರಿನ ಬಾಯಿಗೆ ಮಣ್ಣು ಹಾಕುತ್ತೇನೆ. ಅವು ಅಲ್ಲೇ ಕೂತು ಕೇಳುತ್ತವೆ, ಸುಳ್ಳೆಂದು ಅವಕ್ಕೆ ತಿಳಿಯುತ್ತದೆ, ಒಂದೂ ಕದಲುವುದಿಲ್ಲ. ಮಗು ನಿದ್ದೆ ಹೋಗುತ್ತದೆ.